ಮಳೆಗಾಲ ಕಳೆದು ಕಾರನ್ನು ಹೊರತೆಗೆಯುವ ಮುನ್ನ

ಮಂಗಳೂರಿನ ಬಜಪೆ ಎಂದೊಡನೆ ನಾಡಿನ ಜನರಿಗೆ ನೆನಪಾಗುವುದು ವಿಮಾನ ನಿಲ್ದಾಣ. 1951ರಲ್ಲಿ ಅಲ್ಲಿನ ಗುಡ್ಡದ ಮೇಲೆ ನಿಲ್ದಾಣ ಆರಂಭವಾದಂದಿನಿಂದ ಆಕಾಶಮಾರ್ಗವಾಗಿ ಮಂಗಳೂರಿಗೆ ಬರುವವರೆಲ್ಲರೂ ಮೊದಲು ಕಾಲಿರಿಸುವುದು ಈ ಊರಿನ ಸೀಮೆಯಲ್ಲಿಯೇ. 2006ರಲ್ಲಿ ದುಬೈಗೆ ನೇರ ವಿಮಾನ ಸಂಚಾರ ಆರಂಭವಾದ ಮೇಲಂತೂ ಕೊಲ್ಲಿ ದೇಶಗಳಲ್ಲಿ ದುಡಿಯುವ ಮಕ್ಕಳಿಗೂ ಊರಿನಲ್ಲಿ ಅವರ ಹಾದಿ ಕಾಯುವ ತಂದೆತಾಯಿಗಳಿಗೂ ನಡುವಿನ ಹೊಸ್ತಿಲು ಇದೇ ಆಗಿದೆ.

ಇಂತಹ ಮನೆಗಳ ಅಂಗಳದಲ್ಲಿ ಒಂದು ನೋಟ ಸಾಮಾನ್ಯವಾಗಿದೆ. ಶೀಟಿನ ಮಾಡಿನ ಅಡಿಯಲ್ಲಿ, ಕೆಲವೊಮ್ಮೆ ಮರದ ನೆರಳಿನಲ್ಲಿ, ಹೊದಿಕೆ ಹೊದ್ದು ನಿಂತ ಕಾರು. ಮಗ ರಜೆಯ ಮೇಲೆ ಬಂದಾಗ ಒಂದು ತಿಂಗಳು ಅದು ಮದುವೆ, ಗೃಹಪ್ರವೇಶ, ಕ್ಷೇತ್ರದರ್ಶನಗಳಿಗೆಂದು ಓಡಾಡುತ್ತದೆ. ಅವನು ಮರಳಿದೊಡನೆ ಮತ್ತೆ ನಿಲ್ಲುತ್ತದೆ. ಅಷ್ಟರಲ್ಲಿ ಜೂನ್ ತಿಂಗಳ ಮಳೆ ಹಿಡಿದುಕೊಳ್ಳುತ್ತದೆ. ನಾಲ್ಕು ತಿಂಗಳ ಬಳಿಕ ಹೊದಿಕೆ ತೆಗೆದಾಗ ಹೊರನೋಟಕ್ಕೆ ಕಾರು ಹಾಗೆಯೇ ಇರುತ್ತದೆ. ಆದರೆ ಒಳಗೆ ಆಗಿರುವ ಬದಲಾವಣೆಗಳು ಕಣ್ಣಿಗೆ ಕಾಣುವುದಿಲ್ಲ. ಆ ಮೊದಲ ದಿನದ ಮೊದಲ ಹತ್ತು ಕಿಲೋಮೀಟರುಗಳಲ್ಲಿಯೇ ಸಣ್ಣಪುಟ್ಟ ಅಪಘಾತಗಳಿಗೆ ಎಡೆಯಾಗುತ್ತದೆ.

ಇದು ಕರಾವಳಿಯ ಮನೆಗಳ ಚಿಂತೆ ಮಾತ್ರವಲ್ಲ. ಮಕ್ಕಳು ಬೆಂಗಳೂರು, ಪುಣೆಗಳಲ್ಲಿ ನೆಲೆಸಿ, ಹುಬ್ಬಳ್ಳಿ, ದಾವಣಗೆರೆ, ಕಲಬುರಗಿಯ ಮನೆಗಳಲ್ಲಿ ವರ್ಷಕ್ಕೆ ಎರಡು ಬಾರಿ ಹೊರಬರುವ ಕಾರುಗಳು ನಮ್ಮ ಓದುಗರ ಮನೆಗಳಲ್ಲಿಯೂ ಇವೆ. ಅಮೆರಿಕ, ಕೆನಡಾಗಳಲ್ಲಿ ನೆಲೆಸಿರುವ ಬಂಧುಗಳನ್ನು ವಿಚಾರಿಸಿದರೆ, ಹಿಮ ಬೀಳುವ ಸೀಮೆಗಳಲ್ಲಿ ಚಳಿಗಾಲಕ್ಕೆ ಮುನ್ನ ಎರಡನೆಯ ಕಾರನ್ನು ಕ್ರಮಬದ್ಧವಾಗಿ ನಿಲ್ಲಿಸಿಡುವ, ವಸಂತದಲ್ಲಿ ಪರೀಕ್ಷಿಸಿಯೇ ಹೊರತೆಗೆಯುವ ರೂಢಿಯನ್ನು ಹೇಳುತ್ತಾರೆ. ಅವರಿಗೆ ಹಿಮ ಹೇಗೋ ನಮ್ಮ ಕರಾವಳಿಗೆ ಮಳೆ ಹಾಗೆ. ಅವರು ಚಳಿಗಾಲಕ್ಕೆ ಮಾಡುವ ಸಿದ್ಧತೆಯನ್ನು ನಾವು ಮಳೆಗಾಲಕ್ಕೆ ಮಾಡುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

2020ರ ವರ್ಷ ಈ ಪಾಠವನ್ನು ಇಡೀ ರಾಜ್ಯಕ್ಕೆ ಒಮ್ಮೆಲೇ ಕಲಿಸಿತು. ಮಾರ್ಚ್ 25ರಿಂದ ಲಾಕ್‌ಡೌನ್ ಜಾರಿಯಾದಾಗ ನಿಂತ ವಾಹನಗಳು ವಾರಗಟ್ಟಲೆ ನಿಂತಲ್ಲೇ ಉಳಿದವು. ಮೇ 12ರಂದು ದುಬೈಯಿಂದ ಸ್ವದೇಶಕ್ಕೆ ಕರೆತರುವ ಮೊದಲ ವಿಮಾನ ಮಂಗಳೂರಿಗೆ ಬಂದಿಳಿದು, ಜನರು ದಿಗ್ಬಂಧನದ ದಿನಗಳನ್ನು ಮುಗಿಸಿ ಮನೆ ಸೇರುವ ಹೊತ್ತಿಗೆ ಮುಂಗಾರು ಹೊಸ್ತಿಲಲ್ಲಿತ್ತು. ಬ್ಯಾಟರಿ ಇಳಿದ, ಚಕ್ರ ಹಿಡಿದುಕೊಂಡ, ಇಲಿ ತಂತಿ ಕಡಿದ ಕಾರುಗಳ ಕಥೆಯನ್ನು ಆ ವರ್ಷ ಕೇಳದ ಮನೆಯಿರಲಿಲ್ಲ.

ನಿಂತಲ್ಲಿಯೇ ಸವೆಯುವ ವಾಹನ

ಓಡದ ಕಾರು ಸವೆಯುವುದಿಲ್ಲ ಎಂಬುದು ನಮ್ಮಲ್ಲಿ ಬೇರೂರಿದ ಭಾವನೆ. ಬಳಸದೆ ಬಿಟ್ಟ ಬಾವಿಯ ನೀರು ಕೆಡುವಂತೆ, ಬೀಗ ಹಾಕಿದ ಮನೆಗೆ ಗೆದ್ದಲು ಹತ್ತುವಂತೆ, ಓಡದ ಕಾರು ನಿಂತಲ್ಲಿಯೇ ಹಾಳಾಗುತ್ತದೆ. ಮಂಗಳೂರಿನ ಸೀಮೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಆಟಿ ತಿಂಗಳಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಅದೇ ತೇವ ಕಬ್ಬಿಣದ ಮೇಲೆಯೂ ಕುಳಿತಿರುತ್ತದೆ. ಅದರೊಡನೆ ಕಡಲಗಾಳಿಯ ಉಪ್ಪಿನಂಶ ಸೇರಿದರೆ ತುಕ್ಕಿಗೆ ಬೇರೆ ಆಹ್ವಾನ ಬೇಕಿಲ್ಲ.

ಹೊದಿಕೆಯಿಂದ ರಕ್ಷಣೆ ದೊರೆಯುವುದೆಂಬುದೂ ಪೂರ್ತಿ ನಿಜವಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಹಿಡಿದಿಡುತ್ತದೆ. ಗಾಜಿನ ಕೆಳಗಿನ ಸಂದಿಗಳಲ್ಲಿ ತರಗೆಲೆ ತುಂಬಿ ನೀರು ಹರಿದುಹೋಗುವ ರಂಧ್ರಗಳು ಮುಚ್ಚಿಕೊಂಡರೆ ನೀರು ಕಾರಿನೊಳಗೆ ಇಳಿಯುತ್ತದೆ. ಬಾಗಿಲು ತೆರೆದೊಡನೆ ಬೂಸಲಿನ ವಾಸನೆ ಬರುವುದು ಇದರಿಂದಲೇ.

ಸ್ಟಾರ್ಟ್ ಆಯಿತೆಂದು ಹೊರಡಬೇಡಿ

ನಿಂತ ಕಾರಿನ ಬಳಿ ಬಂದವರು ಮೊದಲು ಮಾಡುವ ಕೆಲಸವೆಂದರೆ ಕೀಲಿ ತಿರುಗಿಸುವುದು. ಎಂಜಿನ್ ಸದ್ದು ಮಾಡಿತೆಂದರೆ ಕಾರು ಸರಿಯಿದೆ ಎಂದು ಸಮಾಧಾನ ಪಡುತ್ತಾರೆ. ಸ್ಟಾರ್ಟ್ ಆಗದ ಕಾರು ನಮ್ಮ ಸಮಯವನ್ನು ಹಾಳುಮಾಡೀತು. ನಿಲ್ಲದ ಕಾರು ಜೀವಕ್ಕೇ ಎರವಾದೀತು. ಆದ್ದರಿಂದ ಪರೀಕ್ಷೆಯು ಬ್ರೇಕಿನಿಂದ ಆರಂಭವಾಗಬೇಕು. ಈ ಲೇಖನದ ಸಾರವೆಲ್ಲ ಈ ಒಂದು ಮಾತಿನಲ್ಲಿದೆ.

ಬ್ರೇಕಿನ ಕಬ್ಬಿಣದ ತಟ್ಟೆಗಳ ಮೇಲೆ ಕೆಲವೇ ದಿನಗಳಲ್ಲಿ ತುಕ್ಕಿನ ಪೊರೆ ಕಟ್ಟುತ್ತದೆ. ಮೊದಲ ಕೆಲವು ಸಲ ಒತ್ತಿದಾಗ ಹಿಡಿತ ಕಡಿಮೆಯಿರುತ್ತದೆ, ಕರಕರ ಸದ್ದು ಬರುತ್ತದೆ. ತೆಳುವಾದ ಪೊರೆಯಾದರೆ ಮೆಲ್ಲನೆ ನಾಲ್ಕಾರು ಸಲ ಬ್ರೇಕು ಹಾಕಿದಾಗ ಉಜ್ಜಿಹೋಗುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಒಂದು ಚಕ್ರದ ಬ್ರೇಕು ಹಿಡಿದು, ಇನ್ನೊಂದರದು ಹಿಡಿಯದೆ, ಕಾರು ಒಂದು ಪಕ್ಕಕ್ಕೆ ಎಳೆಯಬಹುದು. ಹ್ಯಾಂಡ್‌ಬ್ರೇಕು ಎಳೆದು ನಿಲ್ಲಿಸಿದ್ದರೆ ಹಿಂದಿನ ಚಕ್ರಗಳು ಅಂಟಿಕೊಂಡಿರುವುದೂ ಉಂಟು. ಆಗ ಎಂಜಿನ್ ಬಲದಿಂದ ಎಳೆದಾಡಿದರೆ ಬ್ರೇಕಿನ ಭಾಗಗಳೇ ಕಿತ್ತುಬರುವ ಸಂಭವವಿದೆ.

ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ನೀರು ಬೆರೆತ ದ್ರವ ಇಳಿಜಾರಿನಲ್ಲಿ ಬ್ರೇಕು ಕಾದಾಗ ಬೇಗ ಕುದಿಯುತ್ತದೆ. ಕುದಿದು ಆವಿಯ ಗುಳ್ಳೆಗಳಾದೊಡನೆ ಪೆಡಲು ಹಿಡಿತವಿಲ್ಲದೆ ಕೆಳಗಿಳಿಯುತ್ತದೆ. ಬಜಪೆಯ ಕಡೆಯಿಂದ ಮಂಗಳೂರಿನತ್ತ ಹೊರಟರೆ ಗುಡ್ಡದ ಇಳಿಜಾರು, ತಿರುವುಗಳು, ಮರವೂರಿನಲ್ಲಿ ಫಲ್ಗುಣಿ ನದಿಯ ಸೇತುವೆ ಎಲ್ಲವೂ ಹೊರಟ ಸ್ವಲ್ಪ ಹೊತ್ತಿನಲ್ಲಿಯೇ ಎದುರಾಗುತ್ತವೆ. ಬ್ರೇಕನ್ನು ಪರೀಕ್ಷಿಸುವ ಸ್ಥಳ ಆ ಇಳಿಜಾರಲ್ಲ. ಎರಡು ವರ್ಷಕ್ಕೊಮ್ಮೆ ಈ ದ್ರವವನ್ನು ಬದಲಾಯಿಸುವುದು ಕ್ಷೇಮ.

ಮನೆಯ ಅಂಗಳದಲ್ಲಿಯೇ ಮಾಡಬಹುದಾದ ಒಂದು ಸುಲಭ ಪರೀಕ್ಷೆಯಿದೆ. ಎಂಜಿನ್ ನಿಂತಿರುವಾಗ ಬ್ರೇಕಿನ ಪೆಡಲನ್ನು ನಾಲ್ಕೈದು ಸಲ ಒತ್ತಿದರೆ ಅದು ಗಟ್ಟಿಯಾಗಬೇಕು. ಹಾಗೆಯೇ ಒತ್ತಿಹಿಡಿದು ಅರ್ಧ ನಿಮಿಷ ಕಾಯಬೇಕು. ಪೆಡಲು ತಾನಾಗಿ ಕೆಳಗಿಳಿಯುತ್ತಿದ್ದರೆ ಎಲ್ಲಿಯೋ ಸೋರಿಕೆಯಿದೆ ಎಂದರ್ಥ. ಅಂತಹ ಕಾರನ್ನು ಅಲ್ಲಿಂದ ಕದಲಿಸಲೇಬಾರದು. ಪೆಡಲು ಗಟ್ಟಿಯಾಗಿ ನಿಂತರೆ, ಕಾಲು ತೆಗೆಯದೆ ಎಂಜಿನ್ ಸ್ಟಾರ್ಟ್ ಮಾಡಬೇಕು. ಆಗ ಪೆಡಲು ತುಸು ಕೆಳಗಿಳಿದರೆ ಬ್ರೇಕಿಗೆ ಬಲ ಒದಗಿಸುವ ವ್ಯವಸ್ಥೆ ಸರಿಯಿದೆ. ಬಳಿಕ ಸಮತಟ್ಟಾದ ಅಂಗಳದಲ್ಲಿ ಹತ್ತು ಅಡಿ ಮುಂದೆ, ಹತ್ತು ಅಡಿ ಹಿಂದೆ ಚಲಿಸಿ ನಿಲ್ಲಿಸಿ ನೋಡಬೇಕು. ಇದಕ್ಕೆ ತಗಲುವುದು ಐದು ನಿಮಿಷ.

ಟಯರು ಮತ್ತು ವೈಪರ್

ನಿಂತ ಟಯರಿನಿಂದ ಗಾಳಿ ಪ್ರತಿ ತಿಂಗಳೂ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಕಾರಿನ ಭಾರವೆಲ್ಲ ಒಂದೇ ಭಾಗದ ಮೇಲೆ ಬಿದ್ದು ಅಲ್ಲಿ ಚಪ್ಪಟೆಯಾಗುತ್ತದೆ. ಗಾಳಿ ಸರಿಪಡಿಸಿ ಓಡಿಸಿದಾಗ ಮೊದಲ ಕೆಲವು ಕಿಲೋಮೀಟರು ದಡದಡ ಎಂದು ಅದುರಿ, ಟಯರು ಬೆಚ್ಚಗಾದ ಮೇಲೆ ಸರಿಹೋದರೆ ಚಿಂತೆಯಿಲ್ಲ. ಅದುರುವಿಕೆ ಹಾಗೆಯೇ ಉಳಿದರೆ ಟಯರು ಕೆಟ್ಟಿದೆಯೆಂದು ತಿಳಿಯಬೇಕು. ಎಷ್ಟು ಗಾಳಿ ಬೇಕೆಂಬುದನ್ನು ಬಹುತೇಕ ಕಾರುಗಳಲ್ಲಿ ಚಾಲಕನ ಬಾಗಿಲಿನ ಕಂಬದ ಮೇಲೆ ಬರೆದಿರುತ್ತಾರೆ. ಸ್ಟೆಪ್ನಿಯನ್ನೂ ಮರೆಯಬಾರದು.

ಕಡಿಮೆ ಓಡಿದ ಕಾರಿನ ಟಯರು ನೋಡಲು ಹೊಸದರಂತೆಯೇ ಇರುತ್ತದೆ. ಆದರೆ ರಬ್ಬರಿಗೆ ವಯಸ್ಸಿದೆ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳನ್ನು ಅಚ್ಚೊತ್ತಿರುತ್ತಾರೆ. 2419 ಎಂದಿದ್ದರೆ ಅದು 2019ನೆಯ ಇಸವಿಯ 24ನೆಯ ವಾರದಲ್ಲಿ ತಯಾರಾದದ್ದು. ಐದು ವರ್ಷ ದಾಟಿದ ಟಯರಿನ ಪಕ್ಕಗಳಲ್ಲಿ ಬಿರುಕುಗಳಿವೆಯೇ ಎಂದು ಬಲ್ಲವರಿಗೆ ತೋರಿಸುವುದು ಒಳ್ಳೆಯದು. ವೈಪರಿನ ರಬ್ಬರು ಗಟ್ಟಿಯಾಗಿದ್ದರೆ ಹಿಂಗಾರಿನ ಹಠಾತ್ ಮಳೆಯಲ್ಲಿ ಗಾಜು ಮಸುಕಾಗಿ ಎದುರಿನ ದಾರಿಯೇ ಕಾಣಿಸದು. ಅದನ್ನು ಬದಲಿಸಲು ಬೇಕಾದ ಹಣ ಅಲ್ಪ.

ಬ್ಯಾಟರಿಯ ಸಂಗತಿ

ನಿಂತ ಕಾರಿನಲ್ಲಿಯೂ ಗಡಿಯಾರ, ಕಳ್ಳತನ ತಡೆಯುವ ಸಾಧನ ಮುಂತಾದವು ಬ್ಯಾಟರಿಯಿಂದ ಸ್ವಲ್ಪ ಸ್ವಲ್ಪವೇ ವಿದ್ಯುತ್ತನ್ನು ಹೀರುತ್ತಿರುತ್ತವೆ. ಪೂರ್ಣ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಅದು 12ಕ್ಕಿಂತ ಕೆಳಗಿಳಿದರೆ ಬಹುತೇಕ ಬರಿದಾಗಿದೆ ಎಂದರ್ಥ. ಬರಿದಾದ ಬ್ಯಾಟರಿಯನ್ನು ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ಅದು ಮತ್ತೆ ಮೊದಲಿನಂತೆ ಆಗದು.

ಇಲ್ಲಿ ಊರಿನಲ್ಲಿರುವ ಹಿರಿಯರ ಕುರಿತು ಒಂದು ಮಾತು ಹೇಳಬೇಕು. “ಅಪ್ಪ, ವಾರಕ್ಕೊಮ್ಮೆ ಕಾರು ಸ್ಟಾರ್ಟ್ ಮಾಡಿ ಇಡಿ” ಎಂದು ಮಕ್ಕಳು ದೂರವಾಣಿಯಲ್ಲಿ ಹೇಳುವುದುಂಟು. ಅವರು ಅಂತೆಯೇ ಐದು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸುತ್ತಾರೆ. ಇದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ಸ್ಟಾರ್ಟ್ ಮಾಡಲು ವ್ಯಯವಾದ ವಿದ್ಯುತ್ತು ಐದು ನಿಮಿಷದಲ್ಲಿ ಮರಳಿ ತುಂಬುವುದಿಲ್ಲ. ಎಂಜಿನ್ ಪೂರ್ತಿ ಕಾಯದೆ ಒಳಗೆ ನೀರಿನ ಪಸೆ ಉಳಿಯುತ್ತದೆ. ಬ್ರೇಕಿಗೂ ಟಯರಿಗೂ ಇದರಿಂದ ಪ್ರಯೋಜನವಿಲ್ಲ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಹೀಗೆ ಮಾಡಿದರೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲದಿಂದ ಪ್ರಾಣಾಪಾಯವೂ ಉಂಟು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪರವಾನಗಿಯುಳ್ಳ ನಂಬಿಕಸ್ಥರೊಬ್ಬರು ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಕಾರನ್ನು ರಸ್ತೆಯಲ್ಲಿ ಓಡಿಸಿ ತಂದರೆ ಅದೇ ಸರಿಯಾದ ಉಪಚಾರ. ಅದು ಸಾಧ್ಯವಿಲ್ಲದಿದ್ದರೆ ಬ್ಯಾಟರಿಯ ಋಣ ತಂತಿಯನ್ನು ಕಳಚಿಡುವುದೇ ಲೇಸು.

ಬೇರೆ ಕಾರಿನ ಬ್ಯಾಟರಿಯಿಂದ ಸ್ಟಾರ್ಟ್ ಮಾಡುವಾಗ ಕ್ರಮ ತಪ್ಪಬಾರದು. ಕೆಂಪು ತಂತಿಯ ಒಂದು ತುದಿ ಸತ್ತ ಬ್ಯಾಟರಿಯ ಧನ ತುದಿಗೆ, ಇನ್ನೊಂದು ಒಳ್ಳೆಯ ಬ್ಯಾಟರಿಯ ಧನ ತುದಿಗೆ. ಬಳಿಕ ಕಪ್ಪು ತಂತಿಯ ಒಂದು ತುದಿ ಒಳ್ಳೆಯ ಬ್ಯಾಟರಿಯ ಋಣ ತುದಿಗೆ, ಕೊನೆಯದು ನಿಂತ ಕಾರಿನ ಬಣ್ಣವಿಲ್ಲದ ಲೋಹದ ಭಾಗಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಬ್ಯಾಟರಿಯಿಂದ ಹೊಮ್ಮುವ ಜಲಜನಕಕ್ಕೆ ಕಿಡಿ ತಗಲಬಾರದೆಂಬುದೇ ಈ ಎಚ್ಚರಿಕೆಯ ಕಾರಣ.

ಇಲಿ, ಹಾವು ಮತ್ತು ಇಂಧನ

ಮಳೆಯಲ್ಲಿ ಬಿಲಗಳಿಗೆ ನೀರು ನುಗ್ಗಿದಾಗ ಇಲಿಗಳು ಒಣ ತಾಣವನ್ನು ಹುಡುಕುತ್ತವೆ. ಬಾನೆಟ್ಟಿನ ಒಳಗಿನ ಎಡೆ ಅವುಗಳಿಗೆ ಹೇಳಿ ಮಾಡಿಸಿದಂತಿರುತ್ತದೆ. ಇಲಿಯ ಹಿಂದೆಯೇ ಹಾವು ಬಂದರೂ ಆಶ್ಚರ್ಯವಿಲ್ಲ. ಆದುದರಿಂದ ಬಾನೆಟ್ಟನ್ನು ಕೋಲಿನಿಂದ ತಟ್ಟಿ, ಹಗಲು ಬೆಳಕಿನಲ್ಲಿಯೇ ತೆರೆಯಬೇಕು. ಕಡಿದ ತಂತಿ, ಹುಲ್ಲು, ಬಟ್ಟೆಯ ಚೂರು ಕಂಡರೆ ಕೀಲಿ ತಿರುಗಿಸದೆ ಮೆಕ್ಯಾನಿಕ್‌ನನ್ನು ಕರೆಸಬೇಕು. ಪೆಟ್ರೋಲಿನ ವಾಸನೆಯಿದ್ದರೆ ಇಂಧನದ ಕೊಳವೆ ಸೋರುತ್ತಿರಬಹುದು; ಒಂದು ಕಿಡಿ ಸಾಕು, ಕಾರು ಹೊತ್ತಿಕೊಳ್ಳಲು. ಇಲಿಯ ಹಿಕ್ಕೆ, ಮೂತ್ರಗಳನ್ನು ಬರಿಗೈಯಲ್ಲಿ ಮುಟ್ಟಬಾರದು, ಒಣಗಿದ್ದನ್ನು ಪೊರಕೆಯಿಂದ ಗುಡಿಸಲೂಬಾರದು. ಇಲಿಜ್ವರ ಕರಾವಳಿಗೆ ಹೊಸತಲ್ಲ. ಕೈಚೀಲ, ಮುಖಕವಚ ಧರಿಸಿ, ಬ್ಲೀಚಿಂಗ್ ನೀರಿನಿಂದ ನೆನೆಸಿ ಒರೆಸಬೇಕು.

ಪೆಟ್ರೋಲಿನ ವಿಷಯದಲ್ಲಿಯೂ ಕಾಲ ಬದಲಾಗಿದೆ. ಶೇಕಡಾ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲು 2023ರಿಂದ ದೇಶದ ಬಂಕುಗಳಿಗೆ ಬರತೊಡಗಿತು. ಎಥೆನಾಲ್ ಗಾಳಿಯ ತೇವವನ್ನು ಸೆಳೆಯುತ್ತದೆ. ಹೆಚ್ಚು ನೀರು ಸೇರಿದಾಗ ನೀರೂ ಎಥೆನಾಲೂ ಒಂದಾಗಿ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪಂಪು ಇಂಧನವನ್ನು ಸೆಳೆಯುವುದೂ ತಳದಿಂದಲೇ. ನಡುರಸ್ತೆಯಲ್ಲಿ ಎಂಜಿನ್ ಬಿಕ್ಕಳಿಸಿ ನಿಂತು, ಹಿಂದಿನ ವಾಹನ ಬಂದು ತಗಲುವುದಕ್ಕೆ ಇಂತಹ ಕಾರಣವೂ ಇರಬಹುದು. ಕಾರನ್ನು ಬಹುಕಾಲ ನಿಲ್ಲಿಸುವಾಗ ಟ್ಯಾಂಕನ್ನು ಬಹುತೇಕ ತುಂಬಿಸಿಟ್ಟರೆ ತೇವಭರಿತ ಗಾಳಿಗೆ ಒಳಗೆ ಎಡೆ ಕಡಿಮೆಯಾಗುತ್ತದೆ.

ಚಾಲಕನ ಕೈಯೂ ನಿಂತಿರುತ್ತದೆ

ಕಾರಿನ ದೋಷಗಳನ್ನು ಮೆಕ್ಯಾನಿಕ್ ತಿದ್ದಿಯಾನು. ಚಾಲಕನ ಅಭ್ಯಾಸವನ್ನು ಚಾಲಕನೇ ತಿದ್ದಿಕೊಳ್ಳಬೇಕು. ಕೊಲ್ಲಿ ದೇಶಗಳಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುತ್ತವೆ, ಚಾಲಕ ಎಡಗಡೆ ಕುಳಿತಿರುತ್ತಾನೆ. ಗೇರು ಬದಲಿಸುವ ಶ್ರಮ ಇಲ್ಲದ ಕಾರುಗಳೇ ಅಲ್ಲಿ ಹೆಚ್ಚು. ಹನ್ನೊಂದು ತಿಂಗಳು ಆ ಅಭ್ಯಾಸದಲ್ಲಿದ್ದ ಕೈಕಾಲುಗಳು ವಿಮಾನದಿಂದ ಇಳಿದ ಮಾತ್ರಕ್ಕೆ ಬದಲಾಗುವುದಿಲ್ಲ. ಇಂಡಿಕೇಟರ್ ಹಾಕಲು ಹೋಗಿ ವೈಪರ್ ಹಾಕುವುದು ನಗುವ ವಿಷಯವಾದರೂ, ಹಿಂದೆ ಬರುವ ಬೈಕಿನವನಿಗೆ ನಾವು ತಿರುಗುತ್ತೇವೆಂಬ ಸೂಚನೆ ಸಿಗಲಿಲ್ಲ ಎಂಬುದು ನಗುವ ವಿಷಯವಲ್ಲ. ಕ್ಲಚ್ಚು ಒತ್ತಲು ಮರೆತು ಕಾರು ಮುಂದಕ್ಕೆ ನೆಗೆಯುವುದು, ತಿರುವಿನಲ್ಲಿ ಅರಿವಿಲ್ಲದೆ ಬಲಕ್ಕೆ ಸರಿಯುವುದು, ಎಡಬದಿಯ ಅಂತರ ತಿಳಿಯದೆ ಗೇಟಿನ ಕಂಬಕ್ಕೆ ಉಜ್ಜುವುದು ಇವೆಲ್ಲ ಮೊದಲ ದಿನದ ಅವಘಡಗಳು.

ಇದರ ಮೇಲೆ ರಾತ್ರಿ ವಿಮಾನದ ನಿದ್ದೆಗೇಡು ಬೇರೆ. ನಿದ್ದೆಯಿಲ್ಲದ ಚಾಲಕ, ತಿಂಗಳುಗಟ್ಟಲೆ ನಿಂತ ಕಾರು, ಮನೆಮಂದಿಯೆಲ್ಲ ಕೂಡಿ ಹೊರಡುವ ಸಂಭ್ರಮ ಈ ಮೂರೂ ಸೇರಿದರೆ ಅಪಾಯಕ್ಕೆ ದಾರಿ. ಬಂದ ದಿನ ಬಾಡಿಗೆ ಕಾರಿನಲ್ಲಿ ಮನೆ ಸೇರಿ, ಮರುದಿನ ಬೆಳಿಗ್ಗೆ ಊರಿನ ಒಳರಸ್ತೆಯಲ್ಲಿ ಒಬ್ಬರೇ ಅರ್ಧ ಗಂಟೆ ಓಡಿಸಿ ಅಭ್ಯಾಸ ಮಾಡಿಕೊಂಡು, ಅನಂತರ ಕಟೀಲಿಗೋ ಮಂಗಳೂರಿಗೋ ಕುಟುಂಬವನ್ನು ಕರೆದೊಯ್ಯುವುದು ವಿವೇಕ.

ಮಕ್ಕಳ ಮೇಲೆ ಕಣ್ಣಿರಲಿ

ನಿಂತ ಕಾರು ಮಕ್ಕಳಿಗೆ ಆಟದ ಮನೆ. ಬೀಗ ಹಾಕದ ಕಾರಿನೊಳಗೆ ಹೊಕ್ಕು ಬಾಗಿಲು ಎಳೆದುಕೊಂಡ ಮಕ್ಕಳಿಗೆ ಅದನ್ನು ತೆರೆಯಲು ಬಾರದೆ, ಒಳಗಿನ ಕಾವಿಗೂ ಉಸಿರುಗಟ್ಟುವಿಕೆಗೂ ಬಲಿಯಾದ ದುರಂತಗಳು ನಮ್ಮ ದೇಶದಲ್ಲಿ ಮತ್ತೆ ಮತ್ತೆ ನಡೆದಿವೆ. 2025ರ ಮೇ ತಿಂಗಳಿನಲ್ಲಿ ಆಂಧ್ರಪ್ರದೇಶದ ವಿಜಯನಗರಂ ಜಿಲ್ಲೆಯಲ್ಲಿ ಹೀಗೆ ನಾಲ್ವರು ಮಕ್ಕಳು ಅಸುನೀಗಿದರು. ಅದು ಓಡುತ್ತಿದ್ದ ಕಾರಲ್ಲ, ನಿಂತಿದ್ದ ಕಾರು. ಕಾರು ಎಷ್ಟೇ ತಿಂಗಳು ನಿಂತಿರಲಿ, ಬೀಗ ಹಾಕಿರಬೇಕು, ಕೀಲಿ ಮಕ್ಕಳ ಕೈಗೆ ಎಟುಕದಂತಿರಬೇಕು.

ಕಾರನ್ನು ಹಿಂದಕ್ಕೆ ತೆಗೆಯುವಾಗ ಇನ್ನೂ ಎಚ್ಚರ ಬೇಕು. ಕಾರಿನ ಹಿಂಬದಿಯಲ್ಲಿ ನಿಂತ ಪುಟ್ಟ ಮಗು ಯಾವ ಕನ್ನಡಿಯಲ್ಲಿಯೂ ಕಾಣದೆ ಹೋಗಬಹುದು. ಬಹುದಿನಗಳ ಮೇಲೆ ಕಾರು ಸದ್ದು ಮಾಡಿದಾಗ ಮಕ್ಕಳು ಓಡಿಬರುವುದು ಸಹಜ. ಹಿರಿಯರೊಬ್ಬರು ಮಕ್ಕಳನ್ನು ಜಗಲಿಯ ಮೇಲೆ ಕೈಹಿಡಿದು ನಿಲ್ಲಿಸಿಕೊಂಡ ಮೇಲೆಯೇ ಕಾರು ಕದಲಬೇಕು. ಇದನ್ನು ಮನೆಯ ನಿಯಮವಾಗಿ ಮಾಡಿಕೊಳ್ಳಿರಿ.

ಕಾಗದಪತ್ರಗಳಿಗೂ ಅವಧಿಯುಂಟು

1988ರ ಮೋಟಾರು ವಾಹನ ಕಾಯಿದೆಯ 146ನೆಯ ಕಲಮಿನಂತೆ ಮೂರನೆಯ ವ್ಯಕ್ತಿಗೆ ಆಗುವ ಹಾನಿಯ ವಿಮೆಯಿಲ್ಲದೆ ವಾಹನವನ್ನು ರಸ್ತೆಗೆ ಇಳಿಸುವಂತಿಲ್ಲ. ಕಾರು ನಿಂತ ತಿಂಗಳುಗಳಲ್ಲಿ ವಿಮೆಯ ಅವಧಿ ಮುಗಿದಿರುವುದು ಗಮನಕ್ಕೆ ಬಾರದೆ ಹೋಗುತ್ತದೆ. ಆಗ ಯಾರಿಗಾದರೂ ಗಾಯವಾದರೆ ಪರಿಹಾರದ ಹೊರೆ ಕಾರಿನ ಒಡೆಯನ ತಲೆಯ ಮೇಲೆಯೇ ಬೀಳುತ್ತದೆ. ಅವಧಿ ಮುಗಿದು 90 ದಿನ ಕಳೆದರೆ ಕ್ಲೇಮು ಮಾಡದವರಿಗೆ ದೊರೆಯುವ ರಿಯಾಯಿತಿಯೂ ಕೈತಪ್ಪುತ್ತದೆ. ಹೊಗೆ ತಪಾಸಣೆಯ ಪತ್ರವನ್ನೂ ನೋಡಬೇಕು. ವಿದೇಶದ ಪರವಾನಗಿ ಇದೆಯೆಂದು ಊರಿನ ಚಾಲನಾ ಪರವಾನಗಿಯ ಅವಧಿಯನ್ನು ಮರೆಯಬಾರದು.

ಇಷ್ಟಾಗಿಯೂ ಅವಘಡ ಸಂಭವಿಸಿದರೆ ಜಗಳಕ್ಕೆ ನಿಲ್ಲದೆ ಮೊದಲು ಗಾಯಾಳುವನ್ನು ನೋಡಬೇಕು. 108ಕ್ಕೆ ಅಥವಾ 112ಕ್ಕೆ ಕರೆ ಮಾಡಬೇಕು. ಗಾಯಾಳುವಿಗೆ ಚಿಕಿತ್ಸೆ ದೊರಕಿಸುವುದು, 24 ಗಂಟೆಗಳೊಳಗೆ ಪೊಲೀಸರಿಗೆ ತಿಳಿಸುವುದು, ವಿಮಾ ಕಂಪೆನಿಗೆ ಬರೆಹದಲ್ಲಿ ತಿಳಿಸುವುದು ಇವು ಅದೇ ಕಾಯಿದೆಯ 134ನೆಯ ಕಲಮು ಚಾಲಕನಿಗೆ ವಿಧಿಸಿರುವ ಕರ್ತವ್ಯಗಳು. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ನಗದಿಲ್ಲದೆ ದೊರೆಯುತ್ತದೆ. ಹಣದ ಚಿಂತೆಯಿಂದ ತಡಮಾಡುವ ಕಾರಣವಿಲ್ಲ.

ನಿಲ್ಲಿಸುವ ದಿನವೇ ಅರ್ಧ ಕೆಲಸ

ಹೊರತೆಗೆಯುವ ದಿನದ ತೊಂದರೆಗಳಲ್ಲಿ ಅರ್ಧವನ್ನು ನಿಲ್ಲಿಸುವ ದಿನವೇ ತಪ್ಪಿಸಬಹುದು. ಕಾರನ್ನು ತೊಳೆದು, ಪೂರ್ತಿ ಒಣಗಿಸಿ, ತಿಂಡಿಯ ಚೂರೂ ಉಳಿಯದಂತೆ ಒಳಗೆ ಗುಡಿಸಿ, ಸಿಮೆಂಟು ನೆಲದ ಮೇಲೆ ನಿಲ್ಲಿಸಬೇಕು. ತೆಂಗಿನ ಮರದ ಅಡಿ ಬೇಡ. ಹ್ಯಾಂಡ್‌ಬ್ರೇಕು ಎಳೆಯದೆ, ಗೇರಿನಲ್ಲಿಟ್ಟು, ಚಕ್ರಗಳಿಗೆ ಮರದ ಅಡ್ಡಗಟ್ಟೆ ಕೊಡಬೇಕು. ಟಯರಿಗೆ ಗಾಳಿ ಸರಿಯಾಗಿ ತುಂಬಿ, ಗಾಳಿಯಾಡುವ ಬಟ್ಟೆಯ ಹೊದಿಕೆ ಹೊದಿಸಬೇಕು. ವಿಮೆ ಮುಗಿಯುವ ದಿನಾಂಕವನ್ನು ಮನೆಯ ಪಂಚಾಂಗದಲ್ಲಿ ಗುರುತು ಮಾಡಿಟ್ಟರೆ ಇನ್ನೂ ಒಳ್ಳೆಯದು.

ಮಳೆ ಹಿಂಜರಿಯುವ ಹೊತ್ತಿಗೇ ನವರಾತ್ರಿ ಬರುತ್ತದೆ. ಆಯುಧಪೂಜೆಯ ದಿನ ಮನೆಯ ವಾಹನವನ್ನು ತೊಳೆದು, ಹೂಮಾಲೆ ಹಾಕಿ, ಚಕ್ರದಡಿಯಲ್ಲಿ ನಿಂಬೆಹಣ್ಣು ಇಡುವ ಪದ್ಧತಿ ನಮ್ಮಲ್ಲಿದೆ. ಉಪಕರಣವನ್ನು ಗೌರವಿಸುವ ಈ ಆಚರಣೆಗೆ ಅರ್ಥವಿದೆ. ಹೂಮಾಲೆ ಹಾಕುವ ಮುನ್ನ ಬಾನೆಟ್ ತೆರೆದು ನೋಡಿ, ನಿಂಬೆಹಣ್ಣು ಇಡುವ ಮುನ್ನ ಅದೇ ಚಕ್ರದ ಗಾಳಿಯನ್ನೂ ಬ್ರೇಕನ್ನೂ ಪರೀಕ್ಷಿಸಿದರೆ ಆ ಅರ್ಥ ಪೂರ್ಣವಾಗುತ್ತದೆ. ಒಡೆದ ಕುಂಬಳಕಾಯಿಯನ್ನು ರಸ್ತೆಯ ನಡುವೆ ಬಿಟ್ಟು ಬೇರೊಬ್ಬ ಬೈಕು ಸವಾರ ಜಾರಿ ಬೀಳದಂತೆ ಬದಿಗೆ ಸರಿಸುವುದೂ ಆ ಪೂಜೆಯ ಭಾಗವೇ ಆಗಬೇಕು.

ವರ್ಷಕ್ಕೊಮ್ಮೆ ಊರಿಗೆ ಬರುವ ಮಗನ ರಜೆ ಮೂವತ್ತೇ ದಿನಗಳದ್ದು. ಅದರಲ್ಲಿ ಒಂದು ಬೆಳಗನ್ನು ಅಂಗಳದಲ್ಲಿ ನಿಂತ ಕಾರಿಗೆ ಮೀಸಲಿಟ್ಟರೆ, ಉಳಿದ ಇಪ್ಪತ್ತೊಂಬತ್ತು ದಿನಗಳೂ ತಂದೆತಾಯಿ, ಮಡದಿ ಮಕ್ಕಳೊಡನೆ ನೆಮ್ಮದಿಯಿಂದ ಕಳೆದಾವು.